ಮೂರು ವರ್ಷ ಬಳಸಿದ ಆಟೋಮ್ಯಾಟಿಕ್ ಸ್ಲೈಡಿಂಗ್ ಗೇಟ್: ಗೇಟಿಗೆ ನಾಲ್ಕು ಸ್ಟಾರ್, ಹಾಕಿದವರಿಗೆ ಎರಡೇ

ಗೇಟ್ ಬಂದ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಬರೆಯಲಿಲ್ಲ, ಒಳ್ಳೆಯದೇ ಆಯಿತು. ಈಗ ಮೂರು ವರ್ಷ ಆಗಿದೆ, ಗೇಟ್ ತೆರೆದು ಮುಚ್ಚಿದ್ದನ್ನು ಎಣಿಸುವ ಕಂಟ್ರೋಲ್ ಬೋರ್ಡಿನ ಕೌಂಟರ್ 1,60,000 ದಾಟಿದೆ, ಮತ್ತು ಈ ಗೇಟಿನ ಗುಣ ಅವಗುಣ ಎರಡೂ ನನಗೆ ಚೆನ್ನಾಗಿ ಗೊತ್ತು. ಫ್ಯಾಕ್ಟರಿಯ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ಗೇಟ್ ಕೈಕೊಟ್ಟರೆ ಮೊದಲ ಫೋನ್ ನನಗೇ ಬರುವುದು.

ಮೊದಲು ಗೇಟಿನ ವಿಷಯ. 8 ಮೀಟರ್ ಬಾಯಿ, ಹೆಚ್ಚುಕಮ್ಮಿ 900 ಕೆಜಿ ತೂಕ, ನೆಲದ ಹಳಿ ಮೇಲೆ ಓಡುತ್ತದೆ. ತ್ರೀ ಫೇಸ್ ಮೋಟಾರ್, ವೇಗ ನಿಮಿಷಕ್ಕೆ 10 ಮೀಟರ್. ಮನುಷ್ಯ ಆರಾಮಾಗಿ ನಡೆಯುವುದಕ್ಕಿಂತ ಎಷ್ಟೋ ನಿಧಾನ. ಅದಕ್ಕೇ ಎಲ್ಲರಿಗೂ ಇದರ ಮೇಲೆ ಸದರ. ಆದರೆ 900 ಕೆಜಿ ಕಬ್ಬಿಣ ಒಮ್ಮೆ ಹೊರಟರೆ ಮೋಟಾರ್ ಆಫ್ ಮಾಡಿದ ಕ್ಷಣಕ್ಕೇ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿಯೇ ನಿಲ್ಲುತ್ತದೆ. ಆ ಸ್ವಲ್ಪದಲ್ಲಿ ಯಾರ ಪಕ್ಕೆ ಇದೆ ಅನ್ನುವುದೇ ಪ್ರಶ್ನೆ.

ಹಸ್ತಾಂತರದ ದಿನ ಹಾಕಿದ ಕಂಪನಿಯವರು ಮಾಡಿದ 'ಟೆಸ್ಟ್' ನೋಡಬೇಕಿತ್ತು. ಖಾಲಿ ರಟ್ಟಿನ ಡಬ್ಬ ಅಡ್ಡ ಇಟ್ಟರು, ಗೇಟ್ ತಾಗಿ ಹಿಂದಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ. ಡಬ್ಬ ಮಾತ್ರ ಅರ್ಧಕ್ಕೆ ಚಪ್ಪಟೆಯಾಗಿತ್ತು, ಅದನ್ನು ಯಾರೂ ನೋಡಲಿಲ್ಲ. ಒಬ್ಬ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಕೈಯನ್ನೇ ಅಡ್ಡ ಹಿಡಿಯಲು ಹೊರಟ, ಬೈದು ಎಳೆದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ಸರಿಯಾದ ಟೆಸ್ಟ್ ಅಂದರೆ ಫೋರ್ಸ್ ಮೀಟರ್ ಇಟ್ಟು ಅಳೆಯುವುದು. ಯುರೋಪಿನ ಇಎನ್ 12453 ಮಾನದಂಡದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಗೇಟಿನ ಅಂಚು ಮತ್ತು ಎದುರಿನ ಕಂಬದ ನಡುವೆ 50ರಿಂದ 500 ಮಿಮೀ ಜಾಗ ಉಳಿದಾಗ ಗೇಟ್ ಏನಾದರೂ ಒತ್ತಿದರೆ ಆ ಬಲ 400 ನ್ಯೂಟನ್ ಮೀರಬಾರದು, ಅಂದರೆ ಸುಮಾರು 40 ಕೆಜಿ ಭಾರ ಮೈಮೇಲೆ ಬಿದ್ದ ಹಾಗೆ. ಅದೂ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಹೊತ್ತು ಅಲ್ಲ. ಆಮೇಲೆ 150ರ ಒಳಗೆ ಇಳಿಯಬೇಕು, 5 ಸೆಕೆಂಡಿನಲ್ಲಿ ಬಹುತೇಕ ಬಿಟ್ಟೇಬಿಡಬೇಕು. ಒಂದೇ ಕಡೆ ಅಳೆದರೆ ಸಾಲದು. ಕೆಳಗೆ, ಮಧ್ಯ, ಮೇಲೆ, ಪ್ರತಿ ಜಾಗದಲ್ಲೂ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಹೀಗೆ ಅಳೆದು ಕೊಡದಿದ್ದರೆ ಕೊನೆಯ ಕಂತು ಕೊಡಲ್ಲ ಅಂತ ಹಟ ಹಿಡಿದೆ. ಗೊಣಗುತ್ತಾ ಮೀಟರ್ ತಂದರು. ಅತಿ ಹೆಚ್ಚು ಬಂದದ್ದು 380. ಪಾಸು, ಆದರೆ ಅಂಚಿನಲ್ಲಿ ಪಾಸು. ಆ ಚೀಟಿಯನ್ನು ಫೈಲಿಗೆ ಹಾಕಿದೆ. ಮುಂದೆ ಅದೇ ನನ್ನ ಮಾನ ಉಳಿಸಿತು.

ಆಗ ಗೇಟಿನ ಮುಂದಿನ ಅಂಚಿನಲ್ಲಿ ಇದ್ದದ್ದು ಬರೀ ರಬ್ಬರ್ ಪಟ್ಟಿ, ಸೆನ್ಸರ್ ಅಲ್ಲ. 'ಅಡ್ಡ ಬಂದರೆ ಬೋರ್ಡಿಗೇ ಗೊತ್ತಾಗುತ್ತೆ ಸರ್, ಮೋಟಾರ್ ಲೋಡ್ ನೋಡಿ ನಿಲ್ಲಿಸುತ್ತೆ' ಅಂದಿದ್ದರು. ನಂಬಿದೆ.

ಹದಿನಾಲ್ಕನೇ ತಿಂಗಳು ಒಂದು ಉದ್ದನೆಯ ಟ್ರೇಲರ್ ಒಳಗೆ ಬರುತ್ತಿತ್ತು. ನಮ್ಮ ಫೋಟೋಸೆಲ್ (ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಗೇಟಿಗೆ ತಿಳಿಸುವ ಕಣ್ಣು) ಇದ್ದದ್ದು ನೆಲದಿಂದ 50 ಸೆಂಮೀ ಎತ್ತರದಲ್ಲಿ, ಒಂದೇ ಜೋಡಿ. ಟ್ರೇಲರಿನ ಮುಂದಿನ ಚಕ್ರ ದಾಟಿತು, ಹಿಂದಿನ ಚಕ್ರ ಇನ್ನೂ ಬಂದಿಲ್ಲ, ನಡುವೆ ಚಾಸಿಸ್ ಅಡಿಯಲ್ಲಿ ಬೆಳಕಿನ ಕಿರಣ ಆರಾಮಾಗಿ ಆಚೆ ಸೇರಿತು. ಗೇಟಿನ ಪ್ರಕಾರ ದಾರಿ ಖಾಲಿ. ಮುಚ್ಚಿಕೊಂಡು ಬಂದು ಟ್ರೇಲರಿನ ಪಕ್ಕಕ್ಕೆ ಗುದ್ದಿತು, ಗುದ್ದಿ ತಕ್ಷಣ ನಿಲ್ಲಲೂ ಇಲ್ಲ, ಒತ್ತುತ್ತಾ ನಿಂತಿತು. ತಗಡು ಬಗ್ಗಿತು, ಡ್ರೈವರ್ ಬಾಯಿಗೆ ಬಂದದ್ದು ಬೈದ, ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ.

ಮಾರನೇ ದಿನ ಬೇರೊಬ್ಬರನ್ನು ಕರೆಸಿ ಅದೇ ಜಾಗಗಳಲ್ಲಿ ಮತ್ತೆ ಅಳೆಸಿದೆ. 640 ನ್ಯೂಟನ್! ಅದೇ ಗೇಟು, ಅದೇ ಮೋಟಾರ್.

ಕಾರಣ ಹುಡುಕಿದಾಗ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳ ಹಿಂದೆ ಹಳಿಯಲ್ಲಿ ಮಣ್ಣು, ಜಲ್ಲಿಪುಡಿ ಕಟ್ಟಿ ಗೇಟ್ ಅಲ್ಲಲ್ಲಿ ತಾನೇ ನಿಲ್ಲುತ್ತಿತ್ತು. ಸರ್ವೀಸಿಗೆ ಬಂದವನು ಹಳಿ ತೊಳೆಯಲಿಲ್ಲ, ರೋಲರ್ ನೋಡಲಿಲ್ಲ. ಬೋರ್ಡ್ ಮುಚ್ಚಳ ತೆಗೆದು ಫೋರ್ಸ್ ಸೆಟ್ಟಿಂಗ್ ಎರಡು ಮೆಟ್ಟಿಲು ಏರಿಸಿ, 'ಈಗ ನಿಲ್ಲಲ್ಲ ನೋಡಿ ಸರ್' ಅಂತ ಸಹಿ ಹಾಕಿಸಿಕೊಂಡು ಹೋಗಿದ್ದ. ನಿಜವೇ ಹೇಳಿದ್ದ, ಯಾರು ಅಡ್ಡ ಬಂದರೂ ನಿಲ್ಲುತ್ತಿರಲಿಲ್ಲ. ಸಹಿ ಹಾಕಿದವನು ನಾನೇ, ಅದನ್ನೂ ಹೇಳಿಬಿಡಬೇಕು. ಕಂಪನಿಯವರು ಮೊದಲು 'ನಿಮ್ಮ ಗೇಟ್ ಮೊದಲಿಂದಲೂ ಹೀಗೇ' ಅಂದರು. 380ರ ಚೀಟಿ ತೋರಿಸಿದ ಮೇಲೆ ಸುಮ್ಮನಾದರು.

ಆಮೇಲೆ ಮಾಡಿದ ಬದಲಾವಣೆಗಳಿಂದಲೇ ಈ ಗೇಟಿಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಹಳಿ ತೊಳೆಸಿ, ಫೋರ್ಸ್ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಸಿದೆವು. ಫೋಟೋಸೆಲ್ ಇನ್ನೊಂದು ಜೋಡಿ ಮೇಲೆ ಹಾಕಿಸಿದೆವು, ಟ್ರೇಲರಿನ ಮೈ ಸಿಗುವ ಎತ್ತರಕ್ಕೆ. ಮುಂದಿನ ಅಂಚಿಗೆ ನಿಜವಾದ ಸೇಫ್ಟಿ ಎಡ್ಜ್ ಬಂತು, ಅಂದರೆ ಒಳಗೆ ಸೆನ್ಸರ್ ಇರುವ ರಬ್ಬರ್ ಪಟ್ಟಿ. ಇದರ ಕೊನೆಯಲ್ಲಿ 8.2 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, ಬೋರ್ಡ್ ಸದಾ ಅದನ್ನೇ ನೋಡುತ್ತಿರುತ್ತದೆ. ರಬ್ಬರ್ ಒತ್ತಿದರೆ ರೆಸಿಸ್ಟೆನ್ಸ್ ಬೀಳುತ್ತದೆ, ವೈರ್ ಕಡಿದರೆ ಸರ್ಕ್ಯೂಟೇ ತೆರೆದುಕೊಳ್ಳುತ್ತದೆ, ಎರಡರಲ್ಲೂ ಗೇಟ್ ನಿಲ್ಲುತ್ತದೆ. ಇದನ್ನು ಪರೀಕ್ಷಿಸುವುದು ಬಹಳ ಸುಲಭ, ಒಂದು ವೈರ್ ಬಿಚ್ಚಿ ಬಟನ್ ಒತ್ತಿ. ಆಗಲೂ ಗೇಟ್ ಮುಚ್ಚಿಕೊಂಡರೆ ಬೋರ್ಡ್ ಎಡ್ಜನ್ನು ನೋಡುತ್ತಲೇ ಇಲ್ಲ ಅಂತ ಅರ್ಥ. ನಮ್ಮಲ್ಲಿ ಈ ಟೆಸ್ಟ್ ಒಮ್ಮೆ ಇಲಿಯೇ ಮಾಡಿಕೊಟ್ಟಿತು. ರಾತ್ರಿ ವೈರ್ ಕಡಿದು ಹಾಕಿತ್ತು, ಬೆಳಿಗ್ಗೆ ಗೇಟ್ ಮುಚ್ಚಲಿಲ್ಲ. ಎಲ್ಲರೂ ಗೇಟಿಗೆ ಬೈದರು, ನನಗೆ ಮಾತ್ರ ಸಮಾಧಾನ. ಎಡ್ಜ್ ಹಾಕಿದ ಮೇಲೆ ಅಳತೆ 270ಕ್ಕೆ ಇಳಿಯಿತು.

ಇನ್ನೊಂದು ಅಪಾಯ ಹಿಂಭಾಗದ್ದು. ಎಲ್ಲರೂ ನೋಡುವುದು ಗೇಟ್ ಮುಚ್ಚುವುದನ್ನು. ತೆರೆಯುವಾಗ ಅದರ ಬಾಲ ಗೋಡೆಯ ಕಡೆ ಹೋಗುತ್ತದೆ ಅಲ್ವಾ, ಅಲ್ಲಿ ನೆರಳಿದೆ ಅಂತ ನಮ್ಮ ಹುಡುಗರು ಫೋನ್ ಹಿಡಿದು ನಿಲ್ಲುತ್ತಿದ್ದರು. ಗೇಟ್ ಪೂರ್ತಿ ತೆರೆದಾಗ ಗೋಡೆಗೂ ಅದಕ್ಕೂ ಉಳಿಯುವುದು ಒಂದು ಗೇಣು. ಅಲ್ಲಿಗೆ ಯಾವ ಸೆನ್ಸರೂ ಕೊಟ್ಟಿರಲಿಲ್ಲ, ಕೇಳಿದರೆ 'ಅದು ಎಕ್ಸ್‌ಟ್ರಾ' ಅಂದರು. ಜಾಲರಿ ಕಟ್ಟಿಸಿ ಆ ಜಾಗ ಮುಚ್ಚಿಸಿದೆ, ಹಿಂದಿನ ಕಂಬಕ್ಕೂ ಒಂದು ಎಡ್ಜ್ ಹಾಕಿಸಿದೆ.

ಗೇಟ್ ಕೊನೆ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್ ಇದ್ದರೆ ಗೇಟ್ ಹಳಿ ಬಿಟ್ಟು ಹೋಗಲ್ಲ ಅಂತ ಅಂದುಕೊಂಡವರು ಒಂದು ಕೆಲಸ ಮಾಡಿ. ಗೇಟನ್ನು ಕೈಯಿಂದ ತಳ್ಳಲು ಆಗುವಂತೆ ಮೋಟಾರಿನ ಕ್ಲಚ್ ಅನ್ನು ಕೀಲಿ ತಿರುಗಿಸಿ ಬಿಡಿಸಿ, ಇಬ್ಬರು ಸೇರಿ ಗೇಟನ್ನು ಕೊನೆಯವರೆಗೆ ನಿಧಾನಕ್ಕೆ ತಳ್ಳಿ. ಬೀಳುವ ಕಡೆ ಯಾರೂ ನಿಲ್ಲಬಾರದು. ಅಲ್ಲಿ ಗಟ್ಟಿ ಸ್ಟಾಪರ್ ಇರಲೇಬೇಕು, ಕರೆಂಟನ್ನು ನಂಬದ ಕಬ್ಬಿಣದ ಸ್ಟಾಪರ್. ನಮ್ಮದರ ಎರಡು ಬೋಲ್ಟಿನಲ್ಲಿ ಒಂದು ಬರಿಗೈಲಿ ತಿರುಗುತ್ತಿತ್ತು. ಇಷ್ಟು ತೂಕದ ಗೇಟ್ ತನ್ನನ್ನು ನೆಟ್ಟಗೆ ಹಿಡಿದಿರುವ ಮೇಲಿನ ಗೈಡಿನಿಂದ ಕಳಚಿಕೊಂಡರೆ ಇಡಿಯಾಗಿ ಪಕ್ಕಕ್ಕೆ ಬೀಳುತ್ತದೆ. ಸೆನ್ಸರ್ ಏನು ಮಾಡೀತು?

ಕೆಲಸದ ವಿಷಯಕ್ಕೆ ಬಂದರೆ ದೂರು ಕಡಿಮೆ. ಲೆಕ್ಕದ ಪ್ರಕಾರ 8 ಮೀಟರಿಗೆ 48 ಸೆಕೆಂಡು, ಕೊನೆಯಲ್ಲಿ ನಿಧಾನವಾಗುವುದು ಸೇರಿ ಹೊಸದರಲ್ಲಿ 54 ಬರುತ್ತಿತ್ತು. ತಿಂಗಳಿಗೊಮ್ಮೆ ಫೋನಿನಲ್ಲೇ ಸಮಯ ನೋಡಿ ಬರೆದಿಡುತ್ತೇನೆ. ಎರಡನೇ ವರ್ಷದ ಕೊನೆಗೆ 61 ಆಯಿತು. ಬಗ್ಗಿ ನೋಡಿದರೆ ರೋಲರ್ ಸವೆದು ಗೇಟ್ ಮೂರು ಮಿಲಿಮೀಟರ್ ಕುಸಿದಿತ್ತು, ರ‍್ಯಾಕ್ (ಗೇಟಿನ ಹಲ್ಲಿನ ಪಟ್ಟಿ) ಮತ್ತು ಪಿನಿಯನ್ (ಅದನ್ನು ಓಡಿಸುವ ಮೋಟಾರಿನ ಹಲ್ಲುಚಕ್ರ) ನಡುವೆ ಇರಬೇಕಾದ 1-2 ಮಿಮೀ ಸಂದು ಮಾಯವಾಗಿ ಗೇಟಿನ ಭಾರವೆಲ್ಲ ಮೋಟಾರಿನ ಹಲ್ಲಿನ ಮೇಲೆ ಕೂತಿತ್ತು. ಶಿಫ್ಟ್ ಬದಲಾಗುವ ಹೊತ್ತಿಗೆ ಮೋಟಾರ್ ಬಿಸಿಯಾಗಿ ಕಟ್ ಆಗುತ್ತಿದ್ದುದಕ್ಕೂ ಅದೇ ಕಾರಣ. ಸಂಜೆ ಬಿಸಿಲು ನೇರ ಫೋಟೋಸೆಲ್ ಕಣ್ಣಿಗೆ ಬಿದ್ದು ಗೇಟ್ ಮುಚ್ಚದಿರುವ ತೊಂದರೆಯೂ ಇತ್ತು, ಕಳಿಸುವುದನ್ನೂ ಹಿಡಿಯುವುದನ್ನೂ ಅದಲುಬದಲು ಮಾಡಿದ ಮೇಲೆ ಹೋಯಿತು, ಖರ್ಚೂ ಇಲ್ಲ.

ಕರೆಂಟ್ ಹೋದಾಗ ಬಿಡಿಸುವ ಕೀಲಿ ಎಲ್ಲಿದೆ ಅಂತ ಒಂದು ರಾತ್ರಿ ಹೇಳದೆ ಕೇಳದೆ ಪರೀಕ್ಷೆ ಮಾಡಿದೆ. ಗಾರ್ಡಿಗೆ ಸಿಗಲು ಹನ್ನೊಂದು ನಿಮಿಷ ಬೇಕಾಯಿತು, ಕೀಲಿ ಮ್ಯಾನೇಜರ್ ಡ್ರಾಯರಿನಲ್ಲಿತ್ತು. ಈಗ ಗಾರ್ಡ್ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ.

ಬೋರ್ಡ್ ಪೆಟ್ಟಿಗೆಗೂ ಬೀಗ ಹಾಕಿದ್ದೇನೆ, ಸೆಟ್ಟಿಂಗ್ ಮುಟ್ಟುವವರು ಮುಟ್ಟಿದ ಮೇಲೆ ಮತ್ತೆ ಅಳೆದು ತೋರಿಸಬೇಕು, ಇಲ್ಲದಿದ್ದರೆ ಬಿಲ್ಲಿಗೆ ಸಹಿ ಇಲ್ಲ. ಹೋದ ವಾರ ರೋಲರ್ ನಾಲ್ಕೂ ಹೊಸದು ಹಾಕಿದೆವು, ಸಮಯ 55ಕ್ಕೆ ವಾಪಸ್ ಬಂದಿದೆ. ಫೋರ್ಸ್ ಮೀಟರ್ ತರುವವರು ಸೋಮವಾರ ಬರುತ್ತಾರೆ.