ಮಂಡಿ ಮೊಹಲ್ಲಾದಲ್ಲಿ ಹೊಲಿಸಿದ ಹತ್ತಿ ಹಾಸಿಗೆ: ಒಂದು ವರ್ಷದ ಬಳಕೆಯ ನಂತರ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಹತ್ತಿಯನ್ನು ಗಿರಾಕಿಯ ಕಣ್ಣೆದುರೇ ಹಿಂಜಿ ಹಾಸಿಗೆ ಹೊಲಿದುಕೊಡುವ ಚಿಕ್ಕ ಅಂಗಡಿಯಿದೆ. ನಮ್ಮ ಜೋಡಿ ಮಂಚಕ್ಕೆ ಹೊಸ ಹಾಸಿಗೆ, ಮನೆಮಂದಿಗೆಲ್ಲ ದಿಂಬುಗಳು, ಜೊತೆಗೆ ಅಮ್ಮನ ಹಳೆಯ ಹಾಸಿಗೆಯ ಹತ್ತಿಯನ್ನು ಮತ್ತೆ ಹಿಂಜಿಸುವ ಕೆಲಸ, ಈ ಮೂರನ್ನೂ ಕಳೆದ ವರ್ಷ ಅಲ್ಲಿಯೇ ಮಾಡಿಸಿದೆವು. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಈ ಹಾಸಿಗೆಯ ಮೇಲೆ ಕಳೆದಾಗಿದೆ. ಮೈಸೂರು ಮತ್ತು ಮಂಡ್ಯದ ಹವೆಗೆ, ಬಿಸಿಲು ಬೀಳುವ ತಾರಸಿ ಇರುವ ಮನೆಗೆ, ನಿದ್ರೆಗೆಂದು ಹಣ ಖರ್ಚು ಮಾಡುವುದಾದರೆ ಮೊದಲು ಇಂಥ ಅಂಗಡಿಯ ಮೆಟ್ಟಿಲು ಹತ್ತಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಲ್ಲಿಗೆ ಹೋಗಲು ಮೊದಲ ಕಾರಣ ಮಂಚದ ಅಳತೆ. ಈ ಊರಿನ ಹಳೆಯ ಮನೆಗಳಲ್ಲಿ ಬಡಗಿಯನ್ನು ಕೂರಿಸಿಕೊಂಡು ಮಾಡಿಸಿದ ತೇಗದ ಮಂಚಗಳು ಇಂದಿನ ಸಿದ್ಧ ಅಳತೆಗಳಿಗೆ ಹೊಂದುವುದಿಲ್ಲ. ಕಂಪನಿಗಳ ಸಿದ್ಧ ಹಾಸಿಗೆಗಳು ಸಾಮಾನ್ಯವಾಗಿ 72, 75 ಅಥವಾ 78 ಇಂಚು ಉದ್ದ ಮತ್ತು 36, 48, 60 ಅಥವಾ 72 ಇಂಚು ಅಗಲದಲ್ಲಿ ಸಿಗುತ್ತವೆ. ನಮ್ಮ ಮಂಚದ ಒಳ ಅಳತೆ 74 ಮತ್ತು 66 ಇಂಚು. ಸ್ವಲ್ಪ ಚಿಕ್ಕದನ್ನು ತಂದರೆ ಅಂಚಿನ ಸಂದಿಯಲ್ಲಿ ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ, ದೊಡ್ಡದನ್ನು ತುರುಕಿದರೆ ನಡುವೆ ಉಬ್ಬಿ ನಿಲ್ಲುತ್ತದೆ. ಅಂಗಡಿಯವರು ಮನೆಗೇ ಬಂದು ಟೇಪು ಹಿಡಿದು ಅಳೆದರು ಮತ್ತು ಒಂದೇ ದೊಡ್ಡ ಹಾಸಿಗೆಯ ಬದಲು 33 ಇಂಚು ಅಗಲದ ಎರಡು ಹಾಸಿಗೆಗಳನ್ನು ಹೊಲಿಸುವಂತೆ ಸಲಹೆ ಕೊಟ್ಟರು. ಒಂದೊಂದೂ ಹದಿನಾಲ್ಕು ಕಿಲೋ ತೂಗುವುದರಿಂದ ಇಬ್ಬರು ಸೇರಿ ತಾರಸಿಗೆ ಹೊತ್ತೊಯ್ಯಬಹುದು, ಮತ್ತು ಒಬ್ಬರು ಹೊರಳಿದರೆ ಪಕ್ಕದವರಿಗೆ ಎಚ್ಚರವಾಗುವುದಿಲ್ಲ. ನಡುವಿನ ಗೀಟು ಬೆನ್ನಿಗೆ ತಾಕದಂತೆ ಮೇಲೊಂದು ತೆಳುವಾದ ರಜಾಯಿ ಹಾಸಿ ಅದರ ಮೇಲೆ ಹೊದಿಕೆ ಬಿಗಿದರೆ ಸಾಕು.

ಈ ಅಂಗಡಿಯ ನಿಜವಾದ ಗುಣ ಕಾಣುವುದು ಹತ್ತಿಯನ್ನು ಆರಿಸುವ ಹೊತ್ತಿನಲ್ಲಿ. ಹಾಸಿಗೆಗೆಂದು ಮಾರುವ ಹತ್ತಿಯಲ್ಲಿ ಹಲವು ದರ್ಜೆಗಳಿವೆ: ಉದ್ದ ಎಳೆಯ ಶುದ್ಧ ಹತ್ತಿ, ನೂಲಿನ ಗಿರಣಿಯಲ್ಲಿ ಉಳಿದ ತುಂಡು ಹತ್ತಿ, ಹಳೆಯ ಬಟ್ಟೆಯ ಚಿಂದಿಯನ್ನು ಹಿಂಜಿ ತೆಗೆದ ಬಣ್ಣಬಣ್ಣದ ಮಿಶ್ರಣ. ಕೊನೆಯದರಲ್ಲಿ ಪಾಲಿಯೆಸ್ಟರ್ ಬೆರೆತಿರುವುದೇ ಹೆಚ್ಚು. ಹೊಲಿದು ಮುಗಿದ ಹಾಸಿಗೆಯ ಒಳಗೆ ಯಾವುದಿದೆ ಎಂದು ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ, ಆದ್ದರಿಂದ ಈ ವ್ಯಾಪಾರದಲ್ಲಿ ಮೋಸಕ್ಕೆ ಅವಕಾಶ ಬಹಳ. ಇಲ್ಲಿನ ಹಿರಿಯರು ಮೂರೂ ಮೂಟೆಗಳಿಂದ ಒಂದೊಂದು ಚಿಟಿಕೆ ತೆಗೆದು ಬೆಂಕಿಕಡ್ಡಿ ಗೀರಿ ತೋರಿಸಿದರು. ಶುದ್ಧ ಹತ್ತಿ ಸುಟ್ಟ ಕಾಗದದ ವಾಸನೆ ಬೀರುತ್ತ ಉರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಸಿತು. ಮಿಶ್ರಣದ ಚಿಟಿಕೆ ಮುದುಡಿ ಕರಗಿ, ತಣಿದ ಮೇಲೆ ಉಗುರಿಗೂ ಒಡೆಯದ ಗಟ್ಟಿ ಕಾಳಾಯಿತು. ಹತ್ತಿಯ ಹಾಸಿಗೆ ಕೊಳ್ಳುವ ಪ್ರತಿಯೊಬ್ಬರೂ, ಯಾವ ಅಂಗಡಿಯಲ್ಲೇ ಆಗಲಿ, ಸಂಕೋಚವಿಲ್ಲದೆ ಈ ಪರೀಕ್ಷೆ ಕೇಳಬೇಕು. ತೋರಿಸಲು ಹಿಂದೆಗೆಯುವ ಅಂಗಡಿಯಿಂದ ಎದ್ದು ಬರುವುದೇ ಸರಿ.

ಹಿಂಜುವುದಕ್ಕೆ ಈಗ ಬಿಲ್ಲಿಲ್ಲ, ವಿದ್ಯುತ್ ಯಂತ್ರವಿದೆ. ಅಲ್ಲಿಂದ ಬಂದ ಹತ್ತಿಯನ್ನು ಪದರ ಪದರವಾಗಿ ಹರಡಿ, ಪಟ್ಟೆಪಟ್ಟೆಯ ದಪ್ಪ ಹಾಸಿಗೆ ಬಟ್ಟೆಯೊಳಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡುತ್ತಾರೆ. ಆಮೇಲೆ ಬರುವುದೇ ಮುಖ್ಯವಾದ ಕೆಲಸ. ದಬ್ಬಣವನ್ನು ಮೇಲಿನಿಂದ ಕೆಳಕ್ಕೆ ತೂರಿಸಿ, ದಪ್ಪ ದಾರ ಎಳೆದು, ಸಾಲಾಗಿ ಗಂಟು ಹಾಕುತ್ತಾರೆ. ಹತ್ತಿ ಜರುಗಿ ಒಂದೆಡೆ ಮುದ್ದೆ ಕಟ್ಟದಂತೆ ತಡೆಯುವುದು ಈ ಗಂಟುಗಳೇ. ನಮ್ಮ ಹಾಸಿಗೆಯಲ್ಲಿ ಅವು ಗೇಣಿಗಿಂತ ಕಡಿಮೆ ಅಂತರದಲ್ಲಿವೆ, ಮತ್ತು ಇದುವರೆಗೆ ಒಂದೂ ಬಿಚ್ಚಿಲ್ಲ. ಹೊಸದಾಗಿ ಬಂದಾಗ ಹಾಸಿಗೆ ಮಂಚದ ಕಟ್ಟಿಗಿಂತ ಬಹಳ ಎತ್ತರವಾಗಿ ಕಂಡು ಮನೆಯವರು ಗಾಬರಿಯಾದರು. ಅಂಗಡಿಯ ಹಿರಿಯರು, "ಎತ್ತರ ನೋಡಿ ಹೆದರಬೇಡಿ ಅಮ್ಮಾ, ಎರಡು ತಿಂಗಳು ಮಲಗಿ, ತಾನಾಗೇ ಕೂರುತ್ತೆ" ಎಂದರು. ಹಾಗೆಯೇ ಆಯಿತು.

ನಿದ್ರೆಯ ವಿಷಯಕ್ಕೆ ಬರುತ್ತೇನೆ. ರಾತ್ರಿ ನಿದ್ರೆ ಹತ್ತುವ ಹೊತ್ತಿಗೆ ನಮ್ಮ ದೇಹದ ಒಳಗಿನ ಉಷ್ಣತೆ ಇಳಿಯತೊಡಗುತ್ತದೆ, ಬೆಳಗಿನ ಜಾವದ ಹೊತ್ತಿಗೆ ಹಗಲಿಗಿಂತ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಾಗಿರುತ್ತದೆ. ಈ ಶಾಖ ಚರ್ಮದ ಮೂಲಕ ಹೊರಗೆ ಹೋಗಬೇಕು. ಹೋಗಲು ಬಿಡದ ಹಾಸಿಗೆ ನಡುರಾತ್ರಿಯಲ್ಲಿ ಎಬ್ಬಿಸುತ್ತದೆ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪಿಸಿದ ಮೆಮೊರಿ ಫೋಮ್, ಮೈಶಾಖಕ್ಕೆ ಮೆತ್ತಗಾಗಿ ದೇಹದ ಆಕಾರಕ್ಕೆ ಬಗ್ಗುತ್ತದೆ. ಅದೇ ಅದರ ಸುಖ, ಅದೇ ಅದರ ತೊಂದರೆ, ಏಕೆಂದರೆ ಮೈಗೆ ಅಂಟಿದಂತೆ ಸುತ್ತುವರಿದಾಗ ಗಾಳಿಯಾಡುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ತಾರಸಿಯ ಕೆಳಗಿನ ಕೋಣೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತಿ ಬೆವರಿನ ತೇವವನ್ನು ಹೀರಿಕೊಳ್ಳುತ್ತದೆ. ಸಾಧಾರಣ ಹವೆಯಲ್ಲಿಯೇ ತನ್ನ ತೂಕದ ಶೇಕಡ 7ರಿಂದ 8ರಷ್ಟು ತೇವ ಅದರಲ್ಲಿರುತ್ತದೆ, ಪಾಲಿಯೆಸ್ಟರ್‌ನಲ್ಲಿ ಅದು ಅರ್ಧ ಶೇಕಡವೂ ಇರುವುದಿಲ್ಲ. ಮೈಸೂರಿನ ಒಂದು ಭಾಗ್ಯವೆಂದರೆ, ಹಗಲು ಎಷ್ಟೇ ಕಾದರೂ ರಾತ್ರಿ ಕಿಟಕಿ ತೆರೆದರೆ ತಂಪು ಗಾಳಿ ಬರುತ್ತದೆ. ಸೊಳ್ಳೆ ಪರದೆ ಕಟ್ಟಿ, ಕಿಟಕಿ ತೆರೆದಿಟ್ಟು, ಹತ್ತಿ ಹಾಸಿಗೆಯ ಮೇಲೆ ಮಲಗಿದ ಕಳೆದ ಬೇಸಿಗೆಯಲ್ಲಿ ಕೂಲರ್ ಹಚ್ಚುವ ಅಗತ್ಯ ಬಹುತೇಕ ಬೀಳಲಿಲ್ಲ.

ಬೆನ್ನುನೋವಿಗೆ ಹಾಸಿಗೆ ಗಟ್ಟಿಯಾದಷ್ಟೂ ಒಳ್ಳೆಯದು, ಹಲಗೆಯ ಮೇಲೆ ಮಲಗಿದರೆ ಇನ್ನೂ ಒಳ್ಳೆಯದು ಎಂಬ ಮಾತು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಬಹುಕಾಲದ ಸೊಂಟನೋವಿದ್ದ 313 ಜನರ ಮೇಲೆ ಸ್ಪೇನಿನಲ್ಲಿ ನಡೆದ ಅಧ್ಯಯನ ಬೇರೆಯದನ್ನೇ ಹೇಳಿತು: ತೀರ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿತನದ ಹಾಸಿಗೆಯ ಮೇಲೆ ಮಲಗಿದವರಿಗೆ ನೋವು ಹೆಚ್ಚು ಇಳಿದಿತ್ತು. ಹತ್ತಿ ಹಾಸಿಗೆಯ ಗಟ್ಟಿತನವನ್ನು ತುಂಬುವ ಹತ್ತಿಯ ತೂಕದಿಂದ ಹೊಂದಿಸಬಹುದು, ಮತ್ತು ಈ ಅಂಗಡಿಯವರು ಮಲಗುವವರ ಮೈತೂಕ, ಬೆನ್ನಿನ ತೊಂದರೆ ಎರಡನ್ನೂ ಕೇಳಿಯೇ ತೂಕ ನಿರ್ಧರಿಸಿದರು. ಆದರೂ ಮೂಳೆ ಸವೆತದಿಂದ ಬಳಲುವ ವೃದ್ಧರಿಗೆ, ಹಾಸಿಗೆ ಹಿಡಿದ ರೋಗಿಗಳಿಗೆ ಇದನ್ನು ನಾನು ಶಿಫಾರಸು ಮಾಡಲಾರೆ; ಅವರಿಗೆ ವೈದ್ಯರು ಹೇಳಿದ ಹಾಸಿಗೆಯೇ ಬೇಕು.

ದಿಂಬುಗಳಿಗೆ ಬೂರುಗದ ಹತ್ತಿ ತುಂಬಿಸಿದೆವು. ಬೂರುಗದ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪವಿದ್ದಂತೆ ನುಣುಪು. ಆದ್ದರಿಂದಲೇ ಅದು ನೂಲಲು ಒದಗುವುದಿಲ್ಲ, ನೀರನ್ನೂ ಸುಲಭವಾಗಿ ಹೀರುವುದಿಲ್ಲ, ತಲೆಯ ಕೆಳಗೆ ಹಗುರವಾಗಿ ತಂಪಾಗಿರುತ್ತದೆ. ಆದರೆ ಒಂದು ದಿಂಬು ಮೊದಲಿಗೆ ಅತಿಯಾಗಿ ತುಂಬಿ ಬಂದು ಕುತ್ತಿಗೆ ಹಿಡಿಯಿತು. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಹೆಗಲಿನ ಅಂಚಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ ಬೇಕು, ಅಂಗಾತ ಮಲಗುವವರಿಗೆ ಅದಕ್ಕಿಂತ ಕಡಿಮೆ ಸಾಕು. ವಾಪಸು ಕೊಂಡೊಯ್ದಾಗ ಹೊಲಿಗೆ ಬಿಚ್ಚಿ, ಎರಡು ಹಿಡಿ ತೆಗೆದು, ಹಣ ಕೇಳದೆ ಹೊಲಿದುಕೊಟ್ಟರು. ಆಸ್ತಮಾ ಇರುವವರು ಬೂರುಗವನ್ನು ಬಿಡುವುದೇ ಒಳಿತು: ಎಳೆಗಳು ಕೆಲವು ವರ್ಷಗಳಲ್ಲಿ ಮುರಿದು ಧೂಳಾಗುತ್ತವೆ, ಮತ್ತು ಅದನ್ನು ಹತ್ತಿಯಂತೆ ಮತ್ತೆ ಹಿಂಜಲು ಬರುವುದಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಹಾಸಿಗೆ ಸಿದ್ಧವಿರಲಿಲ್ಲ; ದಸರೆಯ ಮೊದಲ ವಾರಗಳಲ್ಲಿ ಅವರಿಗೆ ಕೆಲಸ ಕೊಡಬೇಡಿ. ಗೋದಾಮಿನ ತುಂಬ ಹತ್ತಿಯ ನಸುಧೂಳು ಹಾರುತ್ತಿದ್ದು, ಕೆಲಸಗಾರರು ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ ಎಂಬುದು ಮನಸ್ಸಿಗೆ ನೋವು ತಂದಿತು, ಹೇಳಿಯೂ ಬಂದೆ. ಇನ್ನು ಹತ್ತಿ ಹಾಸಿಗೆ ಬಿಸಿಲನ್ನು ಬೇಡುತ್ತದೆ. ತಿಂಗಳಿಗೊಮ್ಮೆಯಾದರೂ ತಾರಸಿಯಲ್ಲಿ ಒಣಗಿಸಿ, ಮಗುಚಿ ಹಾಕದಿದ್ದರೆ ಗಟ್ಟಿಯಾಗಿ, ಮಲಗಿದ ಜಾಗದಲ್ಲಿ ಹಳ್ಳ ಬೀಳುತ್ತದೆ. ಮೈಸೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಜುಲೈ ಮತ್ತು ಆಗಸ್ಟ್‌ನಲ್ಲಿ ಬಿಸಿಲೇ ಅಪರೂಪ. ಬಿಸಿಲು ಬೀಳದ ಅಪಾರ್ಟ್‌ಮೆಂಟಿನಲ್ಲಿ ಇರುವವರು ತೆಂಗಿನ ನಾರಿನ ಹಾಸಿಗೆಯ ಮೇಲೆ ತೆಳುವಾದ ಹತ್ತಿ ಹಾಸಿಗೆ ಹಾಕಿಕೊಳ್ಳುವುದು ಹೆಚ್ಚು ಸೂಕ್ತ, ಅದನ್ನೂ ಇಲ್ಲಿ ಹೊಲಿದುಕೊಡುತ್ತಾರೆ.

ಹೊಸ ಹಾಸಿಗೆಗಿಂತಲೂ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅಮ್ಮನ ಹಾಸಿಗೆ. ಕಲ್ಲಿನಂತಾಗಿದ್ದ ಅದನ್ನು ಬಿಚ್ಚಿ, ಹತ್ತಿ ಹಿಂಜಿ, ಮೂರು ಕಿಲೋ ಹೊಸ ಹತ್ತಿ ಸೇರಿಸಿ, ಹೊಸ ಬಟ್ಟೆಯಲ್ಲಿ ಹೊಲಿದುಕೊಟ್ಟರು. ಖರ್ಚು ಹೊಸದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಕೆಟ್ಟ ಫೋಮ್ ಹಾಸಿಗೆಯನ್ನು ಬಿಸಾಡದೆ ಬೇರೆ ದಾರಿಯಿಲ್ಲ, ಹತ್ತಿಯದು ಹೀಗೆ ಹಲವು ಬಾರಿ ಹೊಸದಾಗುತ್ತದೆ. ಹತ್ತಿಯ ಬೆಲೆ ಕಿಲೋ ಲೆಕ್ಕ, ಬಟ್ಟೆಗೂ ಕೂಲಿಗೂ ಬೇರೆ ಹಣ, ಮೂರನ್ನೂ ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದುಕೊಡುತ್ತಾರೆ. ಶ್ರೀರಂಗಪಟ್ಟಣ, ಮಂಡ್ಯದವರೆಗೂ ಸಾಮಾನಿನ ಆಟೋದಲ್ಲಿ ಕಳಿಸುತ್ತಾರೆ, ಬಾಡಿಗೆ ಗಿರಾಕಿಯದು. ಹಿಂಜಿಸಲು ಕೊಡುವವರು ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಕೊಡುವುದು ಮೇಲು, ಹಳೆಯ ಹತ್ತಿಯನ್ನು ಹೊಲಿಯುವ ಮೊದಲು ಅವರಿಗೂ ಒಂದೆರಡು ದಿನ ಒಳ್ಳೆಯ ಬಿಸಿಲು ಬೇಕಾಗುತ್ತದೆ.