ಸೆಂಟ್ರಲ್ ಲೈನ್ ಕಿಟ್: ಯಾವುದನ್ನು ತರಿಸಬೇಕು, ಯಾವುದನ್ನು ವಾಪಸ್ ಕಳಿಸಬೇಕು

ಐಸಿಯುವಿನಲ್ಲಿ ಸೆಂಟ್ರಲ್ ಲೈನ್ (ಕತ್ತು, ಕಾಲರ್ ಮೂಳೆಯ ಕೆಳಗೆ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ಇಳಿಸುವ ಕೊಳವೆ) ಹಾಕಲು ಬೇಕಾದ್ದನ್ನೆಲ್ಲ ಒಂದೇ ಸ್ಟರೈಲ್ ಟ್ರೇಯಲ್ಲಿ ಜೋಡಿಸಿ ಕೊಡುವ ಕಿಟ್‌ಗಳು ಈಗ ಹಲವು ಕಂಪನಿಗಳಿಂದ ಬರುತ್ತವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ: ಸೂಜಿ, ಸಿರಿಂಜ್, ಗೈಡ್‌ವೈರ್ (ಕೊಳವೆಗೆ ದಾರಿ ತೋರುವ ತೆಳು ತಂತಿ), ಡೈಲೇಟರ್ (ಚುಚ್ಚಿದ ದಾರಿಯನ್ನು ಹಿಗ್ಗಿಸುವ ಸಾಧನ), ಮೂರು ಲ್ಯೂಮೆನ್‌ನ (ಒಳದಾರಿಗಳ) ಕ್ಯಾತಿಟರ್ ಎಂಬ ಆ ಕೊಳವೆ, ಹೊಲಿಗೆ ದಾರ. ಪೊಟ್ಟಣ ಬಿಚ್ಚಿ ಒಂದೊಂದನ್ನೇ ಎತ್ತಿ ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ. ಕೆಲವು ಕಿಟ್‌ಗಳು ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲೇ ನಡೆದ ಸಂಶೋಧನೆಗಳ ಉತ್ತರವನ್ನು ಒಳಗಿಟ್ಟುಕೊಂಡಿವೆ. ಇನ್ನು ಕೆಲವು ಮೂವತ್ತು ವರ್ಷ ಹಿಂದಿನ ರೂಢಿಯನ್ನೇ ಹೊಸ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾರುತ್ತಿವೆ. ಇಲ್ಲಿ ಬ್ರ್ಯಾಂಡ್‌ಗಳ ಮಾತಿಲ್ಲ. ಟ್ರೇಯಲ್ಲಿ ಏನಿರಬೇಕು, ಏಕಿರಬೇಕು ಎಂಬುದಷ್ಟೇ.

ಮೊದಲು ನೋಡಬೇಕಾದ್ದು ರೋಗಾಣು ಕೊಲ್ಲಲು ಚರ್ಮಕ್ಕೆ ಹಚ್ಚುವ ದ್ರಾವಣ. ಕಂದು ಬಣ್ಣದ 10% ಪೊವಿಡೋನ್ ಅಯೋಡಿನ್ ಪೊಟ್ಟಣ ಮಾತ್ರ ಇರುವ ಕಿಟ್ಟನ್ನು ಅಲ್ಲಿಯೇ ಬದಿಗಿಡಿ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರ್ಜಿಕಲ್ ಐಸಿಯುವಿನ 668 ಕ್ಯಾತಿಟರ್‌ಗಳನ್ನು ಮೂರು ಗುಂಪು ಮಾಡಿ ಹೋಲಿಸಿತು. ಪ್ರತಿ 100 ಕ್ಯಾತಿಟರ್‌ಗೆ ಸ್ಥಳೀಯ ಸೋಂಕು 2% ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ 2.3, ಆಲ್ಕೋಹಾಲ್ ಗುಂಪಿನಲ್ಲಿ 7.1, ಪೊವಿಡೋನ್ ಅಯೋಡಿನ್ ಗುಂಪಿನಲ್ಲಿ 9.3. ಅಯೋಡಿನ್‌ಗೂ ಆಲ್ಕೋಹಾಲ್ ಬೆರೆಸಿದ್ದರೆ ಸಮನಾಗುತ್ತಿತ್ತಲ್ಲ ಎಂಬ ನ್ಯಾಯವಾದ ಆಕ್ಷೇಪಣೆ ಬಹುಕಾಲ ಉಳಿದಿತ್ತು. 2015ರಲ್ಲಿ ಫ್ರಾನ್ಸ್‌ನ 11 ಐಸಿಯುಗಳು ಸೇರಿ ಅದನ್ನೂ ಪರೀಕ್ಷಿಸಿದವು. ಎರಡಕ್ಕೂ ಆಲ್ಕೋಹಾಲ್ ಇದ್ದರೂ ಕ್ಯಾತಿಟರ್‌ನಿಂದ ಬರುವ ಸೋಂಕು 1000 ಕ್ಯಾತಿಟರ್-ದಿನಗಳಿಗೆ ಅಯೋಡಿನ್‌ನಲ್ಲಿ 1.77, ಕ್ಲೋರ್‌ಹೆಕ್ಸಿಡಿನ್‌ನಲ್ಲಿ 0.28. (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಕ್ಯಾತಿಟರ್-ದಿನ.) ಮೊದಲು ಸೋಪಿನಿಂದ ಉಜ್ಜಿ ಆಮೇಲೆ ದ್ರಾವಣ ಹಚ್ಚುವುದರಿಂದ ಹೆಚ್ಚಿನ ಲಾಭವಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ಹಾಗಾಗಿ ಪ್ರತ್ಯೇಕ ಸ್ಕ್ರಬ್ ಸ್ಪಂಜು ಸೇರಿಸಿ ಬೆಲೆ ಏರಿಸಿದ ಕಿಟ್ ಬೇಕಿಲ್ಲ. ಚರ್ಮ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ ತೊಳೆಯಲೇಬೇಕು, ಅದು ಬೇರೆ ಮಾತು.

ಬೇಕಾದ್ದು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 2% ಕ್ಲೋರ್‌ಹೆಕ್ಸಿಡಿನ್ ಇರುವ ಸ್ಪಂಜು ಕಡ್ಡಿ. 3 ಮಿ.ಲೀ. ಕಡ್ಡಿ ಸುಮಾರು 15 ಸೆಂ.ಮೀ. ಉದ್ದ, ಅಷ್ಟೇ ಅಗಲದ ಜಾಗಕ್ಕೆ ಸಾಕು, 10.5 ಮಿ.ಲೀ. ಕಡ್ಡಿ 25 × 30 ಸೆಂ.ಮೀ. ವರೆಗೆ ಹೋಗುತ್ತದೆ. ಕತ್ತಿನಲ್ಲಿ ನಾಳ ಸಿಗದೆ ಕಾಲರ್ ಮೂಳೆಯ ಕೆಳಗೆ ಪ್ರಯತ್ನಿಸುವ ಸಂದರ್ಭ ಬಂದಾಗ ಚಿಕ್ಕ ಕಡ್ಡಿಯ ಕಿಟ್ ಕೈಕೊಡುತ್ತದೆ. ದೊಡ್ಡದಿರುವುದನ್ನೇ ಆರಿಸಿ. ಒಣ ಚರ್ಮದ ಮೇಲೆ ಹಿಂದಕ್ಕೂ ಮುಂದಕ್ಕೂ 30 ಸೆಕೆಂಡು ಉಜ್ಜಬೇಕು, ತೊಡೆಸಂದಿಯಂಥ ತೇವದ ಜಾಗದಲ್ಲಿ 2 ನಿಮಿಷ. ಆಮೇಲೆ ತಾನಾಗಿ ಆರಬೇಕು. ಅತಿ ಹೆಚ್ಚು ಎಡವುವುದು ಇಲ್ಲಿಯೇ: ಅವಸರಕ್ಕೆ ಗಾಜ್‌ನಿಂದ ಒರೆಸಿಬಿಡುತ್ತಾರೆ. ಒರೆಸಿದರೆ ಔಷಧಿಯೂ ಹೋಯಿತು, ಅದು ಕೆಲಸ ಮಾಡುವ ಸಮಯವೂ ಹೋಯಿತು. ಹಸಿಯಾಗಿದ್ದಾಗ ಡ್ರೇಪ್ (ರೋಗಿಯ ಮೇಲೆ ಹೊದಿಸುವ ಸ್ಟರೈಲ್ ಬಟ್ಟೆ) ಅಂಟುವುದಿಲ್ಲ, ಆಲ್ಕೋಹಾಲ್ ಆವಿಗೆ ಬೆಂಕಿ ತಗಲುವ ಅಪಾಯವೂ ಉಂಟು.

ಇದಕ್ಕೂ ದೋಷವಿದೆ. ಅದೇ ಫ್ರೆಂಚ್ ಅಧ್ಯಯನದಲ್ಲಿ ತೀವ್ರ ಚರ್ಮದ ಪ್ರತಿಕ್ರಿಯೆ ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ 3%, ಅಯೋಡಿನ್ ಗುಂಪಿನಲ್ಲಿ 1%. ಅಪರೂಪಕ್ಕೆ ಜೀವಕ್ಕೇ ಕುತ್ತು ತರುವ ಅಲರ್ಜಿಯೂ ಆಗುತ್ತದೆ. ಕೆಲವು ಕಿಟ್‌ಗಳಲ್ಲಿ ಕ್ಯಾತಿಟರ್‌ಗೇ ಕ್ಲೋರ್‌ಹೆಕ್ಸಿಡಿನ್ ಲೇಪವಿರುತ್ತದೆ. ಅದನ್ನು ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದು ಮುಗಿಸುವುದು ಒಪ್ಪತಕ್ಕದ್ದಲ್ಲ. ಅಲರ್ಜಿ ಇರುವ ರೋಗಿಗೆ ಲೇಪವಿಲ್ಲದ ಕಿಟ್ ಕೂಡಲೇ ಸಿಗುವಂತಿರಬೇಕು. ಎರಡು ತಿಂಗಳೊಳಗಿನ ಶಿಶುಗಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದವರಿಗೆ, ಈ ದೊಡ್ಡವರ ಕಿಟ್ ಬಳಸಲೇಬಾರದು. ಅವರ ಚರ್ಮ ಸುಡಬಹುದು.

ಇನ್ನು ಡ್ರೇಪ್. ನಡುವೆ ತೂತಿರುವ ಟವೆಲ್‌ ಗಾತ್ರದ ಬಟ್ಟೆ ಕೊಡುವ ಕಿಟ್‌ಗಳು ಇನ್ನೂ ಇವೆ. ಬೇಡ. ಗೈಡ್‌ವೈರ್ ಸಾಮಾನ್ಯವಾಗಿ 60 ಸೆಂ.ಮೀ. ಉದ್ದ. ಕ್ಯಾತಿಟರನ್ನು ಅದರ ಮೇಲೆ ಜಾರಿಸುವಾಗ ವೈರಿನ ಬಾಲ ಚಿಕ್ಕ ಬಟ್ಟೆಯ ಅಂಚು ದಾಟಿ ಹಾಸಿಗೆಯ ಮೇಲೋ ರೋಗಿಯ ಗಡ್ಡದ ಮೇಲೋ ಬೀಳುತ್ತದೆ, ಅಲ್ಲಿ ಅಂಟಿದ್ದು ನೇರ ರಕ್ತನಾಳಕ್ಕೆ ಹೋಗುತ್ತದೆ. ತಲೆಯಿಂದ ಕಾಲಿನವರೆಗೆ ಮುಚ್ಚುವ ಡ್ರೇಪ್, ಟೋಪಿ, ಮಾಸ್ಕ್, ಸ್ಟರೈಲ್ ಗೌನ್, ಗ್ಲೌಸ್ ಇವಿಷ್ಟೂ ಸೇರಿದರೆ ಎಷ್ಟು ಲಾಭ ಎಂದು ಕ್ಯಾನ್ಸರ್ ರೋಗಿಗಳಲ್ಲಿ ಅಳೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಬರೀ ಗ್ಲೌಸ್ ಮತ್ತು ಚಿಕ್ಕ ಡ್ರೇಪ್‌ನ ಗುಂಪಿನಲ್ಲಿ ಕ್ಯಾತಿಟರ್‌ನಿಂದಾದ ರಕ್ತದ ನಂಜು 6.3 ಪಟ್ಟು ಹೆಚ್ಚಿತ್ತು. ಈ ಫಲಿತಾಂಶ ಗೊತ್ತಿದ್ದೂ ಬಟ್ಟೆಯಲ್ಲಿ ಉಳಿತಾಯ ಮಾಡುವುದನ್ನು ಕ್ಷಮಿಸಲಾಗದು.

ಕ್ಯಾತಿಟರ್‌ನ ಉದ್ದವನ್ನೂ ಓದಿ. ಎಲ್ಲ ಕಡೆಗೂ 20 ಸೆಂ.ಮೀ. ಒಂದನ್ನೇ ತರಿಸುವ ಅಭ್ಯಾಸ ಸರಿಯಲ್ಲ. ಬಲ ಕತ್ತಿನಿಂದ ಹಾಕುವಾಗ ವಯಸ್ಕರಿಗೆ 15 ಸೆಂ.ಮೀ. ಬಹುತೇಕ ಸಾಕು. ಉದ್ದದ್ದನ್ನು ಪೂರ್ತಿ ತಳ್ಳಿದರೆ ತುದಿ ಹೃದಯದೊಳಗೆ ಕೂರುತ್ತದೆ, ಅರ್ಧಕ್ಕೇ ನಿಲ್ಲಿಸಿ ಹೊಲಿದರೆ ಹೊರಗುಳಿದ ಭಾಗ ಅಲ್ಲಾಡುತ್ತಲೇ ಇರುತ್ತದೆ. ಗೈಡ್‌ವೈರ್ ಮೇಲೆ 10 ಸೆಂ.ಮೀ.ಗೊಂದು ಗುರುತು ಸ್ಪಷ್ಟವಾಗಿರಲಿ. 20 ಸೆಂ.ಮೀ. ದಾಟಿಸಿದರೆ ಮಾನಿಟರ್‌ನಲ್ಲಿ ಎದೆಬಡಿತ ತಪ್ಪುವುದು ಕಾಣಬಹುದು. ನಾಳ ಹುಡುಕುವ ಅಲ್ಟ್ರಾಸೌಂಡ್ ಪ್ರೋಬ್‌ಗೆ ಸ್ಟರೈಲ್ ಕವರ್ ಮತ್ತು ಜೆಲ್ ಇಲ್ಲದ ಕಿಟ್ ಅಪೂರ್ಣ.

ಎಲ್ಲಿ ಹಾಕಬೇಕೆಂಬುದನ್ನು ಯಾವ ಕಿಟ್ಟೂ ಹೇಳದು. ಫ್ರಾನ್ಸ್‌ನಲ್ಲೇ ಮೂರು ಜಾಗಗಳನ್ನು ಹೋಲಿಸಿದ 2015ರ ಮತ್ತೊಂದು ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ರಕ್ತದ ಸೋಂಕು ಮತ್ತು ಲಕ್ಷಣ ತೋರುವ ರಕ್ತ ಹೆಪ್ಪು ಎರಡನ್ನೂ ಸೇರಿಸಿದರೆ 1000 ಕ್ಯಾತಿಟರ್-ದಿನಗಳಿಗೆ ಕಾಲರ್ ಮೂಳೆಯ ಕೆಳಗೆ 1.5, ಕತ್ತಿನಲ್ಲಿ 3.6, ತೊಡೆಯಲ್ಲಿ 4.6. ಆದರೆ ಶ್ವಾಸಕೋಶಕ್ಕೆ ಚುಚ್ಚಿ ಎದೆಗೆ ಟ್ಯೂಬ್ ಹಾಕಬೇಕಾದದ್ದು ಕಾಲರ್ ಮೂಳೆಯ ಕೆಳಗೆ 1.5%, ಕತ್ತಿನಲ್ಲಿ 0.5%. ಡಯಾಲಿಸಿಸ್‌ಗೆ ಹೋಗಲಿರುವ ರೋಗಿಗೆ ಕಾಲರ್ ಮೂಳೆಯ ಕೆಳಗಿನ ನಾಳವನ್ನು ಮುಟ್ಟದಿರುವುದೇ ಲೇಸು, ಅದು ಕಿರಿದಾದರೆ ಮುಂದೆ ಆ ಕೈ ಡಯಾಲಿಸಿಸ್ ಮಾಡಲು ಉಪಯೋಗಕ್ಕೆ ಬಾರದು.

ಡ್ರೆಸಿಂಗ್ ಪಾರದರ್ಶಕವಾಗಿರಲಿ. ಗಾಜ್ ಆದರೆ ಎರಡು ದಿನಕ್ಕೊಮ್ಮೆ ಬದಲಿಸಬೇಕು, ಪಾರದರ್ಶಕ ಹಾಳೆ ಕೊಳೆಯಾಗದೆ, ಅಂಚು ಏಳದೆ ಇದ್ದರೆ 7 ದಿನ ಬಿಡಬಹುದು. ಕ್ಲೋರ್‌ಹೆಕ್ಸಿಡಿನ್ ಸ್ಪಂಜು ಇರುವ ಡ್ರೆಸಿಂಗ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಸಾರ್ಥಕ: 2009ರ ಅಧ್ಯಯನದಲ್ಲಿ ಗಂಭೀರ ಸೋಂಕು 1000 ಕ್ಯಾತಿಟರ್-ದಿನಗಳಿಗೆ 1.4ರಿಂದ 0.6ಕ್ಕೆ ಇಳಿದಿತ್ತು.

ಇಷ್ಟೆಲ್ಲ ಸರಿಯಿದ್ದರೂ ಅತಿ ದೊಡ್ಡ ಲಾಭ ತಂದದ್ದು ಟ್ರೇಯೊಳಗಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜಿಕಲ್ ಐಸಿಯುವಿನಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್ ಮತ್ತು ಜೊತೆಗಾರರು ಸಾಮಾನೆಲ್ಲ ಒಂದೇ ಗಾಡಿಯಲ್ಲಿಟ್ಟರು, ಚೆಕ್‌ಲಿಸ್ಟ್ ಮಾಡಿದರು, ಹಂತ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು, ‘ಈ ಲೈನ್ ಇವತ್ತೂ ಬೇಕೇ?’ ಎಂದು ದಿನಾ ಕೇಳಿದರು. 1998ರ ಆರಂಭದಲ್ಲಿ 1000 ಕ್ಯಾತಿಟರ್-ದಿನಗಳಿಗೆ 11.3 ಇದ್ದ ರಕ್ತದ ಸೋಂಕು 2002ರ ಕೊನೆಗೆ ಸೊನ್ನೆಗೆ ಬಂತು. ಒಂದು ಐಸಿಯುವಿನ ಅದೃಷ್ಟವಿರಬಹುದು ಎನ್ನುವಂತಿಲ್ಲ. ಮಿಷಿಗನ್ ರಾಜ್ಯದ 103 ಐಸಿಯುಗಳ ಲೆಕ್ಕ 2006ರಲ್ಲಿ ಹೊರಬಂದಾಗ ಸರಾಸರಿ 7.7ರಿಂದ 1.4ಕ್ಕೆ ಇಳಿದಿತ್ತು.

ಕೆಲವು ಕಿಟ್‌ಗಳಲ್ಲಿ ಚೆಕ್‌ಲಿಸ್ಟ್ ಹಾಳೆ ಬರುತ್ತದೆ, ಸಂತೋಷ. ಆದರೆ ಲೈನ್ ಹಾಕಿದವರೇ ಕೆಲಸ ಮುಗಿದ ಮೇಲೆ ಎಲ್ಲಕ್ಕೂ ಟಿಕ್ ಹಾಕಿದರೆ ಆ ಹಾಳೆಗೆ ಬೆಲೆಯಿಲ್ಲ. ನಿಂತು ನೋಡುವ ನರ್ಸ್ ಆಯಾ ಹಂತದಲ್ಲೇ ಟಿಕ್ ಹಾಕಬೇಕು, ಕೊನೆಯಲ್ಲಿ ‘ಗೈಡ್‌ವೈರ್ ಹೊರಬಂದಿದೆ, ಕಣ್ಣಾರೆ ನೋಡಿದೆ’ ಎಂಬ ಸಾಲು ಇರಲೇಬೇಕು. ಆ ಸಾಲಿಲ್ಲದ ಹಾಳೆಗೆ ಕೈಯಿಂದ ಸೇರಿಸಿ. ವೈರ್ ಒಳಗೇ ಉಳಿದುಬಿಡುವುದು ಗಮನ ಬೇರೆಡೆ ಹರಿದ ಆ ಒಂದು ಕ್ಷಣದಲ್ಲಿ.

ಮೂರು ದಿನಕ್ಕೊಮ್ಮೆ ಲೈನನ್ನೇ ಬದಲಿಸುವ ರೂಢಿಯಿದ್ದಲ್ಲಿ ಕಿಟ್ ಎಷ್ಟು ತರಿಸಿದರೂ ಸಾಲದು. ಅದು ಸೋಂಕು ತಡೆಯುವುದಿಲ್ಲವೆಂದು 1992ರಲ್ಲೇ ತಿಳಿದಿದೆ. ಹಳೆಯ ಲೈನಿನ ಮೂಲಕವೇ ವೈರ್ ಹಾಕಿ ಬದಲಿಸಿದಾಗ ರಕ್ತದ ಸೋಂಕಿನ ಅಪಾಯ ಹೆಚ್ಚಿತ್ತು, ಹೊಸ ಜಾಗದಲ್ಲಿ ಚುಚ್ಚಿದಾಗ ಚುಚ್ಚುವಿಕೆಯಿಂದಲೇ ಆಗುವ ತೊಂದರೆಗಳು ಹೆಚ್ಚಿದ್ದವು. ಆ ದುಡ್ಡನ್ನು ಹಬ್ (ಔಷಧಿ ಕೊಡಲು ಸಿರಿಂಜ್ ಜೋಡಿಸುವ ಲೈನಿನ ಹೊರತುದಿ) ಉಜ್ಜುವ ಆಲ್ಕೋಹಾಲ್ ಪ್ಯಾಡ್‌ಗಳಿಗೆ ಹಾಕಿ. ಪ್ರತಿ ಸಲ ಔಷಧಿ ಕೊಡುವ ಮುನ್ನ 15 ಸೆಕೆಂಡು ಉಜ್ಜಿ, ಆರಲು ಬಿಡಬೇಕು.

ಆರ್ಡರ್ ಮಾಡುವ ಮೊದಲು ಒಂದು ಸ್ಯಾಂಪಲ್ ಬಿಚ್ಚಿಸಿ, ಲೈನ್ ಹಾಕುವವರ ಮತ್ತು ನೋಡುವ ನರ್ಸ್‌ನ ಕೈಗೆ ಕೊಡಿ. ಮೊದಲು ಬೇಕಾದ ಡ್ರೇಪ್ ಮತ್ತು ಸ್ಪಂಜು ಕಡ್ಡಿ ಮೇಲಿವೆಯೇ, ಬಳಸಿದ ಸೂಜಿ ಚುಚ್ಚಿಡಲು ಜಾಗವಿದೆಯೇ, ಡೈಲೇಟರ್ ಎತ್ತುವಾಗ ಕ್ಯಾತಿಟರ್ ನೆಲಕ್ಕೆ ಬೀಳುವಂತಿದೆಯೇ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಿಟ್‌ನ ಆಯುಸ್ಸು ಒಳಗಿನ ಅತಿ ಬೇಗ ಅವಧಿ ಮೀರುವ ವಸ್ತುವಿನದ್ದು, ಸಾಮಾನ್ಯವಾಗಿ ದ್ರಾವಣ ಅಥವಾ ಚರ್ಮ ಮರಗಟ್ಟಿಸುವ ಲಿಡೋಕೇನ್. ಆ ತಾರೀಖು ಹೊರಗಿನ ಲೇಬಲ್‌ನಲ್ಲೇ ಇರಬೇಕು.

ಲೈನ್ ತೆಗೆಯುವ ಸಾಮಾನು ಮಾತ್ರ ಬಹುತೇಕ ಕಿಟ್‌ಗಳಲ್ಲಿ ಇರುವುದಿಲ್ಲ, ಬೇರೆಯಾಗಿ ತರಿಸಿ: ಹೊಲಿಗೆ ಕತ್ತರಿ, ಗಾಜ್, ಗಾಳಿಯಾಡದ ಡ್ರೆಸಿಂಗ್. ರೋಗಿ ಅಂಗಾತ ಮಲಗಿರಬೇಕು, ಉಸಿರು ಹೊರಬಿಡುವಾಗ ಎಳೆಯಬೇಕು, ಕೂಡಲೇ ಒತ್ತಿ ಹಿಡಿಯಬೇಕು. ಕೂರಿಸಿ ಎಳೆದರೆ ನಾಳದೊಳಗೆ ಗಾಳಿ ನುಗ್ಗುತ್ತದೆ. ಹೊರಬಂದ ಕ್ಯಾತಿಟರ್‌ನ ತುದಿ ಪೂರ್ತಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಿಸಾಡಿ.