ತಿರುವಿನ ಥ್ರಿಲ್ಲರ್‌ಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಎರವಲು ತಂದರೆ ಸಾಕು

ತಿರುವು ಊಹಿಸಲು ಆಗಲಿಲ್ಲ ಅಂದಮಾತ್ರಕ್ಕೆ ಕಾದಂಬರಿ ಗೆದ್ದಿತು ಅನ್ನುವ ಹಾಗಿಲ್ಲ. ಓದುಗನಿಗೆ ಊಹಿಸಲು ಆಗದಂತೆ ಮಾಡುವುದು ಸುಲಭದ ಕೆಲಸ. ಹೇಳಬೇಕಾದ್ದನ್ನು ಮುಚ್ಚಿಟ್ಟು, ಮುನ್ನೂರನೇ ಪುಟದಲ್ಲಿ ಜೇಬಿನಿಂದ ತೆಗೆದರೆ ಮುಗಿಯಿತು. ಕಷ್ಟವಿರುವುದು ಎಲ್ಲವನ್ನೂ ಕಣ್ಣೆದುರಿಗೇ ಹರಡಿಟ್ಟು, ಆದರೂ ಓದುಗ ಬೇರೆ ಕಡೆ ನೋಡುವ ಹಾಗೆ ಮಾಡುವುದರಲ್ಲಿ. ಹಾಗಾಗಿ ಇಲ್ಲಿ ಪ್ರತಿ ಪುಸ್ತಕಕ್ಕೂ ಹಚ್ಚಿರುವ ಒರೆಗಲ್ಲು ಒಂದೇ: ಕೊನೆಯ ಪುಟ ಮುಗಿಸಿ ಮೊದಲ ಮೂವತ್ತು ಪುಟಕ್ಕೆ ವಾಪಸ್ ಹೋದರೆ ಅಲ್ಲಿನ ವಾಕ್ಯಗಳು ಸುಳ್ಳಾಗುತ್ತವೋ, ಇಲ್ಲ ಇನ್ನೊಂದು ಅರ್ಥದಲ್ಲಿ ನಿಜವಾಗಿಯೇ ಉಳಿಯುತ್ತವೋ? ಉಳಿದರೆ ಲೇಖಕ ಪ್ರಾಮಾಣಿಕ. ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು. (ಯಾವ ಪುಸ್ತಕದ ಗುಟ್ಟನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.)

ತುಮಕೂರು–ಬೆಂಗಳೂರು ರೈಲಿನಲ್ಲಿ ದಿನಾ ಓಡಾಡುವವರಿಗೆ ಈ ಜಾತಿಯ ಕಾದಂಬರಿ ಹೇಳಿಮಾಡಿಸಿದ್ದು. ಎಪ್ಪತ್ತು ಕಿಲೋಮೀಟರ್ ದಾರಿ, ಸೀಟು ಸಿಕ್ಕರೆ ಒಂದೂವರೆ ಗಂಟೆಯ ಹತ್ತಿರ ಓದು. ಅಧ್ಯಾಯಗಳು ಐದಾರು ಪುಟಕ್ಕೆ ಮುಗಿಯುವುದರಿಂದ ಕ್ಯಾತಸಂದ್ರದಲ್ಲಿ ಹಿಡಿದದ್ದು ಹಿರೇಹಳ್ಳಿಗೆ ಒಂದು ಹಂತಕ್ಕೆ ಬರುತ್ತದೆ. ನಿಂತು ಹೋಗುವವರಿಗೆ ಮಾತ್ರ ದಪ್ಪ ಪ್ರತಿ ಬೇಡ, ಒಂದು ಕೈಯಲ್ಲಿ ಹಿಡಿಯಲು ಆಗುವುದಿಲ್ಲ.

ಮೊದಲು ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ (2012). ಇವತ್ತು ಅಂಗಡಿಯಲ್ಲಿ ಕಾಣುವ ಗಂಡ–ಹೆಂಡತಿ ಥ್ರಿಲ್ಲರ್‌ಗಳಲ್ಲಿ ಅರ್ಧಕ್ಕರ್ಧ ಇದರ ನೆರಳಿನಲ್ಲಿ ಹುಟ್ಟಿದವು. ಐದನೇ ಮದುವೆ ವಾರ್ಷಿಕೋತ್ಸವದ ಬೆಳಿಗ್ಗೆ ಹೆಂಡತಿ ಏಮಿ ಕಾಣೆಯಾಗುತ್ತಾಳೆ, ಅನುಮಾನ ಗಂಡ ನಿಕ್ ಮೇಲೆ. ಒಂದು ಅಧ್ಯಾಯ ಅವನದು, ಮುಂದಿನದು ಅವಳ ಡೈರಿ. ಇದರ ಕಸುಬು ಅಧ್ಯಾಯದ ತಲೆಬರಹದಲ್ಲೇ ಇದೆ. ನಿಕ್‌ನ ಅಧ್ಯಾಯಗಳು ಹೆಂಡತಿ ಕಾಣೆಯಾಗಿ ಎಷ್ಟು ದಿನವಾಯಿತು ಎಂದು ಎಣಿಸುತ್ತಾ ಮುಂದೆ ಹೋಗುತ್ತವೆ. ಡೈರಿ 2005ರ ಜನವರಿಯಿಂದ ಹೊರಟು ಆ ದಿನದ ಕಡೆಗೆ ನಡೆದು ಬರುತ್ತದೆ. ಎರಡು ಗಡಿಯಾರ, ಎರಡೂ ಒಂದೇ ಬೆಳಗಿನ ಸುತ್ತ. ಓದುಗ ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ನಡುವಿನ ಕಂದರವನ್ನು ತಾನೇ ತುಂಬಿಕೊಳ್ಳುತ್ತಾನೆ, ಮೋಸ ಹೋಗುವುದೂ ಅಲ್ಲೇ.

ಇನ್ನೂ ಮುಖ್ಯವಾದದ್ದು ದೊಡ್ಡ ತಿರುವು ಬಂದು ಕೂತಿರುವ ಜಾಗ. ಅದು ಕೊನೆಯಲ್ಲಿಲ್ಲ, ಸರಿಸುಮಾರು ಪುಸ್ತಕದ ನಡುವಿನಲ್ಲಿದೆ. ಕೊನೆಗೆ ಇಟ್ಟಿದ್ದರೆ ‘ಅಬ್ಬಾ’ ಅಂದು ಪುಸ್ತಕ ಮುಚ್ಚುತ್ತಿದ್ದೆವು. ನಡುವೆ ಇಟ್ಟಿದ್ದರಿಂದ, ಗೊತ್ತಾದ ಮೇಲೆ ಈ ಇಬ್ಬರೂ ಏನು ಮಾಡುತ್ತಾರೆ ಎನ್ನುವುದೇ ಉಳಿದ ಅರ್ಧ ಪುಸ್ತಕವಾಯಿತು. ಮುಕ್ತಾಯ ನೋಡಿ ಸಿಟ್ಟಾಗುವವರು ಬಹಳ. ನಮ್ಮ ಮಟ್ಟಿಗೆ ಆ ಇಬ್ಬರ ಸ್ವಭಾವಕ್ಕೆ ಬೇರೆ ಮುಕ್ತಾಯ ಹೊಂದುತ್ತಲೇ ಇರಲಿಲ್ಲ. 2014ರ ಸಿನಿಮಾ ನೋಡಿದ್ದರೂ ಪುಸ್ತಕ ಓದಬಹುದು, ಚಿತ್ರಕಥೆ ಬರೆದವರೂ ಫ್ಲಿನ್ ಅವರೇ. ಆದರೆ ಡೈರಿಯ ದನಿಯಲ್ಲಿರುವ ಸೂಕ್ಷ್ಮ ಪರದೆಗೆ ಪೂರ್ತಿ ಬಂದಿಲ್ಲ. ಇದು ಕೊಂಡು ಇಟ್ಟುಕೊಳ್ಳುವ ಪುಸ್ತಕ.

ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೈನ್’ (2015) ನಮ್ಮ ರೈಲಿನವರಿಗೆ ಬೇಗ ಹತ್ತಿರವಾಗುತ್ತದೆ. ರಾಚೆಲ್ ಬೆಳಗಿನ 8.04ರ ಗಾಡಿಯಲ್ಲಿ ಲಂಡನ್ನಿಗೆ ಹೋಗುತ್ತಾಳೆ, ಸಿಗ್ನಲ್ಲಿಗೆ ಗಾಡಿ ನಿಂತಾಗ ಹಳಿಯ ಪಕ್ಕದ ಮನೆಗಳ ಹಿತ್ತಲು ನೋಡುತ್ತಾ ಅಲ್ಲಿನವರ ಸಂಸಾರವನ್ನು ಮನಸ್ಸಿನಲ್ಲೇ ಕಟ್ಟುತ್ತಾಳೆ. ಯಶವಂತಪುರದ ಹೊರಗೆ ಸಿಗ್ನಲ್ಲಿಗೆ ಕಾದು ಕೂತವರಿಗೆ ಈ ಚಟ ಬಿಡಿಸಿ ಹೇಳಬೇಕಿಲ್ಲ. ಕಥೆ ಹೇಳುವವರು ಮೂವರು ಹೆಂಗಸರು. ಅದರಲ್ಲಿ ಮೇಗನ್‌ಳ ಭಾಗ ಒಂದು ವರ್ಷಕ್ಕೂ ಹಿಂದಿನಿಂದ ಶುರುವಾಗುತ್ತದೆ. ತಲೆಬರಹದ ತಾರೀಖು ನೋಡದೆ ಓದಿದರೆ ನೂರು ಪುಟದ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ‘ಅರ್ಥವೇ ಆಗಲಿಲ್ಲ’ ಎಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಆದರೆ ಪುಸ್ತಕದ ಮೂಳೆ ಸ್ವಲ್ಪ ಬಿರುಕು ಬಿಟ್ಟಿದೆ. ಕುಡಿದ ರಾತ್ರಿ ಏನಾಯಿತೆಂದು ರಾಚೆಲ್‌ಗೆ ನೆನಪಿಲ್ಲ, ಆಮೇಲೆ ತುಣುಕು ತುಣುಕಾಗಿ ಬರುತ್ತದೆ, ಕಥೆ ನಿಂತಿರುವುದೇ ಇದರ ಮೇಲೆ. ಕುಡಿತದ ಮರೆವಿನಲ್ಲಿ ಎರಡು ಬಗೆ. ಒಂದರಲ್ಲಿ ಅಲ್ಲಲ್ಲಿ ತುಂಡು ನೆನಪು ಉಳಿದಿರುತ್ತದೆ, ಜಾಗವನ್ನೋ ಮುಖವನ್ನೋ ಕಂಡಾಗ ಇನ್ನಷ್ಟು ಮೇಲೆ ಬರಬಹುದು. ಇನ್ನೊಂದರಲ್ಲಿ ಮಿದುಳು ಆ ಹೊತ್ತಿನ ನೆನಪನ್ನು ದಾಖಲಿಸಿಯೇ ಇರುವುದಿಲ್ಲ. ಇಲ್ಲದ್ದನ್ನು ಹುಡುಕಿ ತೆಗೆಯುವುದು ಎಲ್ಲಿಂದ? ಕಾದಂಬರಿ ತನಗೆ ಬೇಕಾದಾಗ ಮೊದಲನೆಯದನ್ನೂ ಬೇಕಾದಾಗ ಎರಡನೆಯದನ್ನೂ ಬಳಸಿಕೊಳ್ಳುತ್ತದೆ. ಆದರೂ ಕುಡುಕ ಹೆಣ್ಣಿನ ಮಾತನ್ನು ಯಾರೂ ನಂಬುವುದಿಲ್ಲ, ಕೊನೆಗೆ ಅವಳೇ ತನ್ನನ್ನು ನಂಬುವುದಿಲ್ಲ ಎಂಬ ಭಾಗ ಬಹಳ ಗಟ್ಟಿ. ಎರವಲು ಸಿಕ್ಕರೆ ಸಾಕು.

ನೆನಪಿನ ವಿಷಯ ಬಂದದ್ದಕ್ಕೆ ಎಸ್.ಜೆ. ವಾಟ್ಸನ್ ಅವರ ‘ಬಿಫೋರ್ ಐ ಗೋ ಟು ಸ್ಲೀಪ್’ (2011) ಬಗ್ಗೆ ಎರಡು ಮಾತು. ದಿನಾ ನಿದ್ದೆಯಿಂದ ಎದ್ದಾಗ ಕ್ರಿಸ್ಟೀನ್‌ಗೆ ಹಿಂದಿನ ದಿನದ್ದೆಲ್ಲ ಅಳಿಸಿಹೋಗಿರುತ್ತದೆ. ನಿಜವಾದ ರೋಗಿಗಳಲ್ಲಿ ಮರೆವು ರಾತ್ರಿಯವರೆಗೆ ಕಾಯುವುದಿಲ್ಲ. 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಹೆನ್ರಿ ಮೊಲೈಸನ್ ಎಂಬ ಪ್ರಸಿದ್ಧ ರೋಗಿಗೆ ಗಮನ ಒಮ್ಮೆ ಬೇರೆ ಕಡೆ ಹೊರಳಿದರೆ ಕೆಲವೇ ನಿಮಿಷದ ಹಿಂದಿನದೂ ಹೋಗಿರುತ್ತಿತ್ತು. ಇಷ್ಟನ್ನು ‘ಕಥೆಯ ನಿಯಮ’ ಎಂದು ಒಪ್ಪಿಕೊಂಡರೆ ಪುಸ್ತಕ ಓಡುತ್ತದೆ. ಒಪ್ಪದವರು ಹತ್ತನೇ ಪುಟಕ್ಕೇ ಇಳಿದುಬಿಡಿ.

ಅತಿ ಹೆಚ್ಚು ಹೊಗಳಿಸಿಕೊಂಡಿರುವುದು ಅಲೆಕ್ಸ್ ಮೈಕೆಲಿಡೀಸ್ ಅವರ ‘ದಿ ಸೈಲೆಂಟ್ ಪೇಷೆಂಟ್’ (2019). ಚಿತ್ರಕಲಾವಿದೆ ಅಲಿಸಿಯಾ ಗಂಡನ ಮುಖಕ್ಕೆ ಐದು ಗುಂಡು ಹೊಡೆಯುತ್ತಾಳೆ, ಅಲ್ಲಿಂದಾಚೆ ಒಂದು ಮಾತೂ ಆಡುವುದಿಲ್ಲ. ಅವಳನ್ನು ಮಾತಾಡಿಸಲು ಹೊರಡುವ ಮನೋಚಿಕಿತ್ಸಕ ಥಿಯೋ ಕಥೆ ಹೇಳುತ್ತಾನೆ. ಓದಿನ ವೇಗ ಜೋರು, ಎರಡು ದಿನದ ರೈಲಿಗೆ ಮುಗಿಯುತ್ತದೆ. ತಿರುವೂ ಚುರುಕಾಗಿದೆ. ಆದರೆ ಒರೆಗೆ ಹಚ್ಚಿದಾಗ ಬಣ್ಣ ಬಿಡುತ್ತದೆ. ಚಿಕಿತ್ಸಕ ಯಾರಿಗೂ ಹೇಳದೆ ರೋಗಿಯ ಬಂಧುಗಳ ಮನೆಗೆ ಹೋಗಿ ವಿಚಾರಿಸುತ್ತಾನೆ, ಆಸ್ಪತ್ರೆಯ ಮೇಲಿನವರು ಗದರಿಸಿದರೂ ನಿಲ್ಲಿಸುವುದಿಲ್ಲ. ಇನ್ನು ಅಲಿಸಿಯಾಳ ಡೈರಿ. ಎರಡೂ ಕಡೆಯ ಸಂಭಾಷಣೆ ಉದ್ಧರಣ ಚಿಹ್ನೆ ಸಮೇತ, ಪುಟಗಟ್ಟಲೆ. ಮನಸ್ಸು ಕೆಟ್ಟ ಹೊತ್ತಿನಲ್ಲಿ ಡೈರಿ ಬರೆಯುವವರು ಹೀಗೆ ಬರೆಯುವುದಿಲ್ಲ, ಕಾದಂಬರಿಕಾರ ಮಾತ್ರ ಬರೆಯುತ್ತಾನೆ. ಗುಟ್ಟು ಗೊತ್ತಾದ ಮೇಲೆ ಉಳಿಯುವುದು ಜೋಡಣೆಯ ಜಾಣತನ, ಅಷ್ಟೇ. ಮನುಷ್ಯರು ಉಳಿಯುವುದಿಲ್ಲ. ಒಂದು ಸಲ ಓದಿ ಪಕ್ಕದವರಿಗೆ ಕೊಡುವ ಪುಸ್ತಕ.

ಫ್ರೀಡಾ ಮೆಕ್‌ಫ್ಯಾಡನ್ ಅವರ ‘ದಿ ಹೌಸ್‌ಮೇಡ್’ (2022) ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೊರಗಿನಿಂದ ಮಾತ್ರ ಬೀಗ ಹಾಕಬಹುದಾದ ಅಟ್ಟದ ಕೋಣೆ, ಮನೆಗೆಲಸದ ಮಿಲ್ಲಿ, ವಿಚಿತ್ರ ಯಜಮಾನಿ. ಭಾಷೆ ಬಹಳ ಸರಳ. ಇಂಗ್ಲಿಷ್ ಕಾದಂಬರಿ ಇದುವರೆಗೆ ಮುಟ್ಟದ ಪಿಯುಸಿ ಹುಡುಗ ಹುಡುಗಿಯರಿಗೆ ಮೊದಲ ಪುಸ್ತಕವಾಗಿ ಇದನ್ನೇ ಕೊಡಿ, ಪುಟ ತಿರುಗಿಸುವ ಅಭ್ಯಾಸವಾಗುತ್ತದೆ.

ಎಲ್ಲಕ್ಕಿಂತ ಮೇಲೆ ಇಡಬೇಕಾದದ್ದು ಜಪಾನಿನ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಮೂಲ 2005ರದು, ಇಂಗ್ಲಿಷಿಗೆ ಬಂದದ್ದು 2011ರಲ್ಲಿ, ನಾವೊಕಿ ಪ್ರಶಸ್ತಿ ಪಡೆದ ಕೃತಿ. ಕೊಲೆ ಯಾರು ಮಾಡಿದರು, ಯಾಕೆ, ಹೇಗೆ ಎಲ್ಲವೂ ಪುಸ್ತಕದ ಶುರುವಿನಲ್ಲೇ ಕಣ್ಣೆದುರು ನಡೆಯುತ್ತದೆ. ಪಕ್ಕದ ಮನೆಯ ಗಣಿತ ಮೇಷ್ಟ್ರು ಇಶಿಗಾಮಿ ಅದನ್ನು ಮುಚ್ಚಿಹಾಕಲು ನೆರವಾಗುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ಕೊನೆಯಲ್ಲಿ ನೆಲ ಕುಸಿಯುತ್ತದೆ. ಹೇಗೆ? ಮೇಷ್ಟ್ರು ತಾನು ಪ್ರಶ್ನೆಪತ್ರಿಕೆ ತೆಗೆಯುವ ಕ್ರಮವನ್ನು ಒಂದು ಕಡೆ ಹೇಳುತ್ತಾನೆ: ನೋಡಿದರೆ ರೇಖಾಗಣಿತದ್ದು ಅನ್ನಿಸಬೇಕು, ಬಿಡಿಸಲು ಹೊರಟರೆ ಬೀಜಗಣಿತದ್ದಾಗಿರಬೇಕು. ಹುಡುಗರು ತಪ್ಪು ಸೂತ್ರ ಹಿಡಿದು ಹೊರಡುತ್ತಾರೆ. ಲೇಖಕ ಪುಸ್ತಕದ ಒಳಗುಟ್ಟನ್ನೇ ಇಲ್ಲಿ ಹೇಳಿಬಿಟ್ಟಿದ್ದಾರೆ, ಆದರೂ ನಾವು ತಪ್ಪು ಸೂತ್ರವನ್ನೇ ಹಿಡಿದು ಓದುತ್ತಾ ಹೋಗುತ್ತೇವೆ. ಎರಡನೇ ಓದಿನಲ್ಲಿ ಒಂದೇ ಒಂದು ವಾಕ್ಯವೂ ಸುಳ್ಳಾಗುವುದಿಲ್ಲ. ಜತೆಗೆ, ತಿರುವು ಬಿಚ್ಚಿಕೊಂಡಾಗ ಬದಲಾಗುವುದು ಘಟನೆಯ ಲೆಕ್ಕ ಮಾತ್ರವಲ್ಲ, ಆ ಮನುಷ್ಯ ಏನನ್ನು ಕೊಟ್ಟುಬಿಟ್ಟ ಎನ್ನುವುದರ ತೂಕವೂ ಬದಲಾಗುತ್ತದೆ. 2023ರ ಹಿಂದಿ ಸಿನಿಮಾ ‘ಜಾನೆ ಜಾನ್’ ಇದರದ್ದೇ. ನೋಡಿಲ್ಲದಿದ್ದರೆ ಮೊದಲು ಪುಸ್ತಕ.

ಈ ‘ಪ್ರಾಮಾಣಿಕತೆ’ಯ ಜಗಳ ಹಳೆಯದು. ಅಗಾಥಾ ಕ್ರಿಸ್ಟಿ 1926ರಲ್ಲಿ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಬರೆದಾಗ ಇದು ಆಟದ ನಿಯಮವೇ ಅಲ್ಲ ಎಂದು ಕೂಗಿದವರಿದ್ದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು: ಸುಳಿವು ಸಿಕ್ಕರೆ ಓದುಗನಿಗೂ ತೋರಿಸಬೇಕು, ಮುನ್ಸೂಚನೆ ಇಲ್ಲದೆ ಅವಳಿ ಜವಳಿಯನ್ನು ತರಬಾರದು, ಹೀಗೆ. ಈಗ ಅಂಗಡಿಯಲ್ಲಿ ರಾಶಿ ಬಿದ್ದಿರುವ ಎಷ್ಟೋ ಥ್ರಿಲ್ಲರ್‌ಗಳು ಈ ಎರಡರಲ್ಲೇ ಡುಮ್ಕಿ ಹೊಡೆಯುತ್ತವೆ. ಅವಳಿ ಬೇಡವೆಂದರೆ ‘ಸ್ಪ್ಲಿಟ್ ಪರ್ಸನಾಲಿಟಿ’ ತರುತ್ತಾರೆ, ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರಿಡುವವರೂ ಇದ್ದಾರೆ. ಅವೆರಡೂ ಬೇರೆ ಬೇರೆ ಕಾಯಿಲೆ.

ಈ ವಿಷಯದಲ್ಲಿ ಕನ್ನಡದ ಓದುಗರು ನಾಚಿಕೊಳ್ಳುವಂಥದ್ದೇನೂ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿದ ತಲೆಮಾರೇ ಇತ್ತು. ಮನಸ್ಸಿನ ಕಡೆಗೆ ಬಂದರೆ ತ್ರಿವೇಣಿ. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಬಂದರೂ ಸುತ್ತಲಿನವರ ಕಣ್ಣಿನಲ್ಲಿ ವಾಸಿಯಾಗುವುದಿಲ್ಲ. ಇಂಗ್ಲಿಷ್ ಥ್ರಿಲ್ಲರ್‌ಗೆ ಹುಚ್ಚು ಎಂಬುದು ಓದುಗನನ್ನು ಬೆಚ್ಚಿಬೀಳಿಸುವ ಸಾಮಾನು, ತ್ರಿವೇಣಿಯವರಿಗೆ ಅದು ಮನೆಯೊಳಗೆ ಕೂತ ನೋವು. ಇನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಯಾರೂ ಥ್ರಿಲ್ಲರ್ ಕಪಾಟಿನಲ್ಲಿ ಇಡುವುದಿಲ್ಲ. ಆದರೆ ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವ, ಹೆಸರಿಲ್ಲದ ಆ ಮನುಷ್ಯ ಏನನ್ನು ಹೇಳುತ್ತಿಲ್ಲ ಎಂದು ಗಮನಿಸುತ್ತಾ ಓದಿ. ನೂರು ಪುಟದ ಆಸುಪಾಸಿನ ಈ ಪುಸ್ತಕ ಒಂದೇ ಒಂದು ಕೊಲೆಯನ್ನೂ ತೋರಿಸದೆ ಕೊಡುವ ದಿಗಿಲು, ಮೇಲೆ ಹೇಳಿದ ಅರ್ಧ ಪುಸ್ತಕಗಳಲ್ಲಿ ಇಲ್ಲ.

ಈಗ ಪ್ರತಿಯ ಮಾತು. ಇಂಥ ಪೇಪರ್‌ಬ್ಯಾಕ್‌ಗಳ ಮುಖಬೆಲೆ ಸಾಮಾನ್ಯವಾಗಿ 300ರಿಂದ 600 ರೂಪಾಯಿ ಒಳಗೆ. ರಸ್ತೆ ಬದಿ ಹಾಸಿಟ್ಟು ಮಾರುವ ನಕಲಿ ಪ್ರತಿ ಅದರ ಕಾಲು ಭಾಗಕ್ಕೋ ಅರ್ಧಕ್ಕೋ ಸಿಗುತ್ತದೆ. ಬೇರೆ ಪುಸ್ತಕದಲ್ಲಿ ನಾಲ್ಕು ಪುಟ ಹೋದರೆ ಸಹಿಸಬಹುದು, ಇಲ್ಲಿ ಹೋದರೆ ಪುಸ್ತಕವೇ ಹೋಯಿತು. ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗಿ ಹೊಲಿಗೆಯೋ ಅಂಟೋ ಬೀಳುವುದರಿಂದ, ಒಂದು ಫಾರಂ ಬಿಟ್ಟುಹೋದರೆ 208ರ ನಂತರ ನೇರ 225 ಬರುತ್ತದೆ. ಕೆಲವೊಮ್ಮೆ ಅದೇ ಫಾರಂ ಎರಡು ಸಲ ಸೇರಿರುತ್ತದೆ. ಅಂಗಡಿಯಲ್ಲೇ ಪುಟದ ಮೂಲೆಯ ಸಂಖ್ಯೆಗಳನ್ನು ಬೆರಳಲ್ಲಿ ಸರಸರ ಓಡಿಸಿ ನೋಡಿ, ಕೊನೆಯ ಐವತ್ತು ಪುಟ ಮಾತ್ರ ಒಂದೊಂದಾಗಿ. (ಸಂಖ್ಯೆ ಮಾತ್ರ, ಸಾಲುಗಳ ಮೇಲೆ ಕಣ್ಣು ಹೋಗದಿರಲಿ.) ಇನ್ನೊಂದು ಕೇಡು ಅಷ್ಟು ಬೇಗ ಕಾಣುವುದಿಲ್ಲ. ಮತ್ತೆ ಅಕ್ಷರ ಜೋಡಿಸಿದ ಕಳ್ಳ ಪ್ರತಿಗಳಲ್ಲಿ, ಹಾಗೆಯೇ ಕೈಯಿಂದ ಕೈಗೆ ಓಡಾಡುವ ಫೈಲುಗಳಲ್ಲಿ, ಓರೆ ಅಕ್ಷರ ನೆಟ್ಟಗಾಗಿರುತ್ತದೆ, ಅಧ್ಯಾಯದ ತಾರೀಖು ಹಾರಿಹೋಗಿರುತ್ತದೆ. ಯಾರು ಮಾತಾಡುತ್ತಿದ್ದಾರೆ, ಯಾವಾಗ ಎಂಬುದೇ ಕಥೆಯಾಗಿರುವ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ.

ಇ-ಪುಸ್ತಕದಲ್ಲಿ ಓದುವವರು ಕೆಳಗಿನ ಶೇಕಡಾ ಪಟ್ಟಿಯನ್ನು ಮರೆಮಾಡಿಕೊಳ್ಳಿ. ಶೇ. 70ಕ್ಕೆ ಒಬ್ಬ ಸಿಕ್ಕಿಬಿದ್ದರೆ ಅವನು ಕೊಲೆಗಾರನಲ್ಲ ಎಂದು ಯಂತ್ರವೇ ಹೇಳಿಬಿಡುತ್ತದೆ. ಆಡಿಯೊದಲ್ಲಿ ಕೇಳುವುದಾದರೆ ತಾರೀಖು ಆಟವಾಡುವ ‘ಗರ್ಲ್ ಆನ್ ದಿ ಟ್ರೈನ್’ ಬೇಡ, ಹಿಂದಕ್ಕೆ ತಿರುವಿ ನೋಡುವುದು ಕಷ್ಟ. ‘ಸಸ್ಪೆಕ್ಟ್ ಎಕ್ಸ್’ ಆದೀತು, ಜಪಾನಿ ಹೆಸರುಗಳನ್ನು ಮಾತ್ರ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೆನ್ನುಪುಟದ ಹೊಗಳಿಕೆ ಓದಲೇಬೇಡಿ. ‘ಕೊನೆಯ ಸಾಲಿನವರೆಗೂ ಕಾಯಿರಿ’ ಎಂದು ಅಚ್ಚು ಹಾಕಿದ ಪುಸ್ತಕವನ್ನು ಹಿಡಿದವನು ಕಥೆ ಓದುವುದಿಲ್ಲ, ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸುತ್ತಾ ಪೊಲೀಸ್ ಡ್ಯೂಟಿ ಮಾಡುತ್ತಾನೆ.

ಲೈಬ್ರರಿಯಿಂದ ತರುವವರು ಒಂದು ಕೆಲಸ ಮಾಡಿ. ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು ಒಮ್ಮೆ ಎಲ್ಲ ಪುಟದ ಅಂಚು ನೋಡಿಸಿ, ಒಂದು ರಬ್ಬರ್ ಜತೆಗಿರಲಿ. ಪಾತ್ರದ ಹೆಸರು ಮೊದಲ ಸಲ ಬಂದ ಕಡೆಯೇ ಪಕ್ಕದಲ್ಲಿ ‘ಇವನೇ’ ಎಂದು ಪೆನ್ಸಿಲಿನಲ್ಲಿ ಗೀಚಿ ವಾಪಸ್ ಕೊಡುವ ಪುಣ್ಯಾತ್ಮರು ಎಲ್ಲ ಊರಿನಲ್ಲೂ ಇದ್ದಾರೆ.